ಹಿಂದಿನ ಖೋಲಿಯಲ್ಲಿರುವವರನ್ನೂ ಪಟ್ಟಿಗೆ ಸೇರಿಸಿ

ಬಾಗಲಕೋಟೆ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳಿಗೆ, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ. ಹಾಗೆಯೇ ಮನೆಯಲ್ಲಿ ಒಬ್ಬರನ್ನು ಕೀಲಿ ಹಾಕಿ ಇಟ್ಟುಕೊಂಡಿರುವ ನಮ್ಮ ಊರುಗಳ ಹಿರಿಯರಿಗೆ,

ಮಾನ್ಯರೇ,

ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಪ್ರವಾಹದ ಪೂರ್ವಸಿದ್ಧತಾ ಸಭೆ ನಡೆಯುತ್ತದೆ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಊರುಗಳಿಂದ ಪಟ್ಟಿಗಳು ಬರುತ್ತವೆ. ಗರ್ಭಿಣಿಯರು ಎಷ್ಟು, ಬಾಣಂತಿಯರು ಎಷ್ಟು, ಹಾಸಿಗೆ ಹಿಡಿದವರು ಯಾರು, ದನಕರು ಎಷ್ಟು, ಮೇವು ಎಷ್ಟು ಬೇಕು, ಕಾಳಜಿ ಕೇಂದ್ರ ಯಾವ ಶಾಲೆಯಲ್ಲಿ ತೆರೆಯಬೇಕು, ಬೋಟು ಎಲ್ಲಿರಬೇಕು. ಆರೋಗ್ಯ ಇಲಾಖೆಯಲ್ಲಿ ಆರೋಗ್ಯ ನಿರೀಕ್ಷಕನಾಗಿ ನಾನೂ ಈ ಪಟ್ಟಿಗಳನ್ನು ಬರೆದು ಕಳಿಸಿದವನು. ಮಾನಸಿಕ ರೋಗವೆಂದು ಮನೆಯವರೇ ಹೊರಗಿನಿಂದ ಕೊಂಡಿ ಹಾಕಿದ ಬಾಗಿಲ ಹಿಂದೆ ಇರುವ ಮನುಷ್ಯರಿಗೆ ಅದರಲ್ಲಿ ಯಾವತ್ತೂ ಒಂದು ಕಾಲಂ ಇರಲಿಲ್ಲ. ನಿವೃತ್ತನಾದ ಮೇಲೂ ವಿಚಾರಿಸುತ್ತ ಬಂದಿದ್ದೇನೆ. ಇವತ್ತಿಗೂ ಇಲ್ಲ.

2019ರ ಆಗಸ್ಟ್‌ನಲ್ಲಿ ಹೊಳೆ ಊರೊಳಗೆ ಬಂದಾಗ ಜನ ಟ್ರ್ಯಾಕ್ಟರ್ ಹತ್ತಿ ಹೊರಟಿದ್ದನ್ನು ತಾವು ಮರೆತಿರಲಿಕ್ಕಿಲ್ಲ. ಅಂಥ ಅವಸರದಲ್ಲಿ ಹಿತ್ತಲ ಖೋಲಿಯ ಕೀಲಿ ಯಾರ ಬಳಿ ಇರುತ್ತದೆ? ಇದ್ದರೂ, ವರ್ಷಗಟ್ಟಲೆ ಹೊಸ್ತಿಲು ದಾಟದವನು ತುಂಬಿದ ಟ್ರ್ಯಾಕ್ಟರ್‌ನಲ್ಲಿ ಐವತ್ತು ಜನರ ನಡುವೆ ಕೂಡುತ್ತಾನೆಯೇ? ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರ ಬೆಳಗಿನ ಜಾವ ಗುಡಿಸಲಿಗೆ ಬೆಂಕಿ ಬಿದ್ದಾಗ 28 ಮಂದಿ ಮಾನಸಿಕ ರೋಗಿಗಳು ಸತ್ತರು. ಅವರನ್ನು ಸರಪಳಿಯಿಂದ ಕಟ್ಟಿದ್ದರು, ಓಡಲು ಆಗಲಿಲ್ಲ. ಅಲ್ಲಿ ಬೆಂಕಿ, ನಮ್ಮ ಕಡೆ ನೀರು.

ಆದರೆ ಪ್ರವಾಹದ ಪಟ್ಟಿ ನನ್ನ ಮಾತಿನ ಒಂದು ತುದಿ ಮಾತ್ರ. ಹೊಳೆ ಬರಲಿ ಬಿಡಲಿ, ಆ ಖೋಲಿಯೊಳಗೆ ದಿನಾಲೂ ಏನು ನಡೆಯುತ್ತದೆ ಎಂಬುದನ್ನು ತಮ್ಮ ಮುಂದೆ ಇಡಬೇಕಾಗಿದೆ.

ನನ್ನ ಕೆಲಸದ ಬಗ್ಗೆ ಎರಡು ಮಾತು. ಮಲೇರಿಯಾ, ಡೆಂಗಿ ಸಮೀಕ್ಷೆಗೆ ಹೋಗುವವರು ಪಡಸಾಲೆಯಲ್ಲಿ ಚಹಾ ಕುಡಿದು ಬರುವವರಲ್ಲ. ಲಾರ್ವಾ ಹುಡುಕುತ್ತ ಹಿತ್ತಲಿಗೆ ಹೋಗಬೇಕು, ದನದ ನೀರಿನ ತೊಟ್ಟಿ ನೋಡಬೇಕು, ಬಚ್ಚಲ ಹಿಂದೆ ಬಗ್ಗಬೇಕು. ಹಾಗಾಗಿ ಊರಿನ ಹಿರಿಯರಿಗೂ ಗೊತ್ತಿಲ್ಲದ ಖೋಲಿಗಳು ನಮಗೆ ಗೊತ್ತು. ಆಲಮಟ್ಟಿ ಹಿನ್ನೀರಿಗೆ ಊರು ಕೊಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದ ಕೆಲವರು ಹೊಸ ಮನೆಯ ಪಾಯ ತೆಗೆಯುವಾಗಲೇ ಹಿಂದೊಂದು ಖೋಲಿಗೂ ಜಾಗ ಬಿಟ್ಟಿದ್ದನ್ನು ನೋಡಿದ್ದೇನೆ. ಸಂಸಾರದ ಲೆಕ್ಕದಲ್ಲಿ ಅದೂ ಒಂದು ಎಂಬಂತೆ.

ಒಂದು ಖೋಲಿಯನ್ನು ಇದ್ದ ಹಾಗೇ ಹೇಳುತ್ತೇನೆ. ಜಮಖಂಡಿ ತಾಲ್ಲೂಕಿನ ಊರು, ಹೆಸರು ಬೇಡ. ಕಬ್ಬಿನ ಹೊಲದವರು, ಮರ್ಯಾದಸ್ಥರು. ಮಗ ಐಟಿಐ ಮುಗಿಸಿ ಒಂದಷ್ಟು ದಿನ ಕೆಲಸಕ್ಕೂ ಹೋಗಿ, ಆಮೇಲೆ ರೋಗಕ್ಕೆ ಬಿದ್ದವನು. ತಗಡಿನ ಬಾಗಿಲು, ಹೊರಗೆ ಕೊಂಡಿ. ಬಾಗಿಲ ಕೆಳತುದಿಯಲ್ಲಿ ಒಂದು ಗೇಣು ಅಗಲ ತಗಡು ಕತ್ತರಿಸಿ, ಕತ್ತರಿಸಿದ ಅಂಚನ್ನು ಸುತ್ತಿಗೆಯಿಂದ ಬಡಿದು ಒಳಕ್ಕೆ ಮಡಚಿದ್ದರು. ಕೈಗೆ ಕೊಯ್ಯಬಾರದು ಎಂಬ ಕಾಳಜಿ. ಅದರ ಕೆಳಗೆ ನುಸುಳುವಂತೆ ಸ್ಟೀಲಿನ ತಾಟಿನ ಕಂಠವನ್ನು ಬಡಿದು ತಗ್ಗಿಸಿದ್ದರು. ಕಿಟಕಿಗೆ ಇಟ್ಟಂಗಿ ಕಟ್ಟಿ ಮೇಲೆ ಒಂದು ಇಟ್ಟಂಗಿಯಷ್ಟು ಜಾಗ ಬಿಟ್ಟಿದ್ದರು. ಸಿಮೆಂಟ್ ನೆಲದಲ್ಲಿ ಒಂದು ಮೂಲೆಯಿಂದ ಎದುರು ಮೂಲೆಗೆ ಕಾಲಿನಗಲದ ದಾರಿ ಎಣ್ಣೆ ಹಚ್ಚಿದಂತೆ ಮಿಂಚುತ್ತಿತ್ತು. ಅವನು ತಿರುಗಾಡಿ ತಿರುಗಾಡಿ ಮಾಡಿದ ದಾರಿ. ನಾನು ನೋಡುವ ಹೊತ್ತಿಗೆ ಅದರ ಮೇಲೆ ಧೂಳು ಕೂತಿತ್ತು. ತಿರುಗಾಡುವುದನ್ನು ಬಿಟ್ಟು ಬಹಳ ದಿನವಾಗಿರಬೇಕು.

ತಾಯಿ ಹೇಳಿದ್ದು: "ಮೊದಲ ಭಾಳ ತ್ರಾಸ ಕೊಡ್ತಿದ್ದ ಸರ. ಬಾಗಲ ಒದೀತಿದ್ದ, ಚೀರತಿದ್ದ, ಓಣಿ ಮಂದಿಗೆಲ್ಲ ನಿದ್ದಿ ಇರಲಿಲ್ಲ. ಈಗ ಆರಾಮ ಅದಾನ. ಕೊಟ್ರ ಉಣ್ತಾನ, ಕೊಡಲಿಲ್ಲಂದ್ರ ಕೇಳೂದೂ ಇಲ್ಲ."

ಈ "ಆರಾಮ" ನಮ್ಮ ಕಾಗದಪತ್ರಗಳಲ್ಲೂ ಹಾಗೇ ಇಳಿಯುತ್ತದೆ. ಆಶಾ ಕಾರ್ಯಕರ್ತೆ ಕೇಳಿದರೆ ಮನೆಯವರು ಆರಾಮ ಎನ್ನುತ್ತಾರೆ, ಅವಳು ಹಾಗೇ ಬರೆದುಕೊಳ್ಳುತ್ತಾಳೆ, ಮೇಲಿನವರು ಹಾಗೇ ಓದುತ್ತಾರೆ. ಈ ಪತ್ರದಲ್ಲಿ ನಾನು ಹೇಳಬೇಕಾದ್ದು ಒಂದೇ. ಕೂಡಿಹಾಕಿದವನು ಸುಮ್ಮನಾದ ಎಂದರೆ ಗುಣವಾದ ಎಂದಲ್ಲ. ಮೈಮನಸ್ಸು ಆ ಖೋಲಿಗೆ ಹೊಂದಿಕೊಂಡವು ಎಂದರ್ಥ. ಹಾಗೆ ಹೊಂದಿಕೊಳ್ಳುವುದೇ ಎರಡನೆಯ ರೋಗ. ಬಾಗಿಲು ಒದೆಯುತ್ತಿದ್ದ ದಿನಗಳಲ್ಲಿ ಅವನು ಈಗಿನದಕ್ಕಿಂತ ಆರೋಗ್ಯವಾಗಿದ್ದ.

ಇದು ನನ್ನ ತಲೆಯಿಂದ ಹುಟ್ಟಿದ ವಾದವಲ್ಲ. ಒಂಟಿಯಾಗಿ ಮುಚ್ಚಿಟ್ಟರೆ ಮನುಷ್ಯನಿಗೆ ಏನಾಗುತ್ತದೆ ಎಂಬುದನ್ನು ಜಗತ್ತು ಬಹಳ ಖರ್ಚು ಮಾಡಿ ಅಭ್ಯಾಸ ಮಾಡಿದೆ. 1950ರ ದಶಕದಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಹೆಬ್ ಎಂಬ ಮನೋವಿಜ್ಞಾನಿಯ ತಂಡ ಕಾಲೇಜು ಹುಡುಗರಿಗೆ ದಿನಕ್ಕೆ 20 ಡಾಲರ್ ಕೊಟ್ಟು ಸಣ್ಣ ಕೋಣೆಯಲ್ಲಿ ಮಲಗಿಸಿತು. ಕಣ್ಣಿಗೆ ಮಂಜು ಗಾಜಿನ ಕನ್ನಡಕ, ಕೈಗೆ ರಟ್ಟಿನ ಕೊಳವೆ, ಕಿವಿಗೆ ಒಂದೇ ಸಮನೆ ಯಂತ್ರದ ಸದ್ದು. ಊಟ, ಶೌಚಕ್ಕೆ ಅಡ್ಡಿಯಿಲ್ಲ. ಆ ಕಾಲಕ್ಕೆ ಅದು ಒಳ್ಳೆಯ ದುಡ್ಡು, ಮಾಡಬೇಕಾದ ಕೆಲಸ ಏನೂ ಇಲ್ಲ. ಆದರೂ ಬಹಳಷ್ಟು ಹುಡುಗರು ಕೆಲವೇ ದಿನಗಳಲ್ಲಿ ಸಾಕು ಎಂದು ಎದ್ದು ಹೋದರು. ಇದ್ದವರಲ್ಲಿ ಕೆಲವರಿಗೆ ಇಲ್ಲದ್ದು ಕಾಣತೊಡಗಿತು. ಹೆಗಲಿಗೆ ಚೀಲ ಹೊತ್ತ ಅಳಿಲುಗಳು ಸಾಲಾಗಿ ನಡೆದು ಹೋಗುವುದನ್ನು ಒಬ್ಬ ಕಂಡ. ನಗು ಬರುತ್ತದೆ ಅಲ್ಲವೇ? ಅವರು ತಲೆ ನೆಟ್ಟಗಿದ್ದ ಹುಡುಗರು. ಕೇಳಿದಾಗ ಬಾಗಿಲು ತೆರೆಯುತ್ತಿತ್ತು. ನಾವು ಮೊದಲೇ ಕಿವಿಯಲ್ಲಿ ದನಿ ಕೇಳುವವನನ್ನು ಇಟ್ಟಂಗಿ ಕಟ್ಟಿದ ಖೋಲಿಯೊಳಗೆ ವರ್ಷಗಟ್ಟಲೆ ಕೂಡಿಸಿ, "ಗೋಡಿ ಕೂಡ ಮಾತಾಡ್ತಾನ" ಎಂದು ಅಚ್ಚರಿಪಡುತ್ತೇವೆ. ಗೋಡೆಯಲ್ಲದೆ ಅಲ್ಲಿ ಇನ್ನು ಯಾರಿದ್ದಾರೆ?

ಹೊತ್ತಿನ ಲೆಕ್ಕವೂ ತಪ್ಪುತ್ತದೆ. 1962ರಲ್ಲಿ ಮಿಶೆಲ್ ಸಿಫ್ರ್ ಎಂಬ 23 ವರ್ಷದ ಫ್ರೆಂಚ್ ಭೂವಿಜ್ಞಾನಿ ಗಡಿಯಾರವಿಲ್ಲದೆ ಆಲ್ಪ್ಸ್ ಪರ್ವತದ ಗುಹೆಯೊಂದಕ್ಕೆ ಇಳಿದು ಎರಡು ತಿಂಗಳು ಒಬ್ಬನೇ ಇದ್ದ. ಮೇಲಿನವರು ಸೆಪ್ಟೆಂಬರ್ 14ರಂದು ಮುಗಿಯಿತು, ಹೊರಡು ಎಂದಾಗ ಅವನ ಲೆಕ್ಕದಲ್ಲಿ ಅದಿನ್ನೂ ಆಗಸ್ಟ್ 20. ಸೆಕೆಂಡಿಗೊಂದರಂತೆ 120ರವರೆಗೆ ಎಣಿಸು ಎಂದರೆ ಅವನು ಐದು ನಿಮಿಷ ತೆಗೆದುಕೊಳ್ಳುತ್ತಿದ್ದ. ಈಗ ನಮ್ಮ ಮನೆಗಳಲ್ಲಿ ಒಳಗಿರುವವನು "ಅಪ್ಪ ಯಾವಾಗ ಬರ್ತಾನ" ಎಂದು ಕೇಳಿದರೆ, ಅಪ್ಪ ತೀರಿ ಹೋಗಿ ನಾಲ್ಕು ವರ್ಷವಾಯಿತು, ಇದೂ ತಿಳಿಯಲಿಲ್ಲ ಇವನಿಗೆ ಎಂದು ಮನೆಯವರು ನೊಂದುಕೊಳ್ಳುತ್ತಾರೆ. ಹಬ್ಬ ಕಾಣದವನಿಗೆ, ಸುಗ್ಗಿ ಕಾಣದವನಿಗೆ, ಕನ್ನಡಿ ಕೂಡ ಕಾಣದವನಿಗೆ ವರ್ಷ ಹೋದದ್ದು ಹೇಗೆ ತಿಳಿಯಬೇಕು?

ಮಿದುಳಿನ ಗಾತ್ರದ ಮೇಲೂ ಪರಿಣಾಮ ಕಂಡಿದೆ. ದಕ್ಷಿಣ ಧ್ರುವದ ಕಡೆಯ ಅಂಟಾರ್ಕ್ಟಿಕಾದಲ್ಲಿ ನಮ್ಮ ದೇಶದವರು ಮೈತ್ರಿ, ಭಾರತಿ ನೆಲೆಗಳಲ್ಲಿ ಚಳಿಗಾಲ ಕಳೆಯುವ ಹಾಗೆ ಜರ್ಮನಿಯವರ ನೆಲೆಯೊಂದಿದೆ. ಅಲ್ಲಿ 14 ತಿಂಗಳು ಇದ್ದು ಬಂದ 9 ಜನರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ನೆನಪಿಗೆ, ದಾರಿ ಗುರುತಿಸುವುದಕ್ಕೆ ಬೇಕಾದ ಹಿಪೊಕ್ಯಾಂಪಸ್ ಭಾಗದ ಒಂದು ಮಡಿಕೆ ಸರಾಸರಿ ಶೇ 7ರಷ್ಟು ಕುಗ್ಗಿತ್ತು. ಅವರು ಆಯ್ದು ಕಳಿಸಿದ ಗಟ್ಟಿಗರು. ಹೊಟ್ಟೆ ತುಂಬ ಊಟ, ಜೊತೆಗೆ ಮಾತಿಗೆ ಜನ, ಕೈತುಂಬ ಕೆಲಸ, ವೈದ್ಯರು ಎಲ್ಲ ಇತ್ತು. ಮಾಸ್ಕೋದಲ್ಲಿ 2010ರ ಜೂನ್‌ನಿಂದ 2011ರ ನವೆಂಬರ್‌ವರೆಗೆ 520 ದಿನ ಆರು ಜನರನ್ನು ಮಂಗಳಯಾನದ ತಾಲೀಮಿಗೆಂದು ಕೃತಕ ನೌಕೆಯಲ್ಲಿ ಇಟ್ಟಿದ್ದರು. ದಿನ ಕಳೆದಂತೆ ಅವರು ಕಡಿಮೆ ಓಡಾಡತೊಡಗಿದರು, ಹೆಚ್ಚು ಮಲಗತೊಡಗಿದರು. ಒಬ್ಬನ ದಿನ 25 ಗಂಟೆಯದಾಗಿ, ಉಳಿದವರು ಎದ್ದಾಗ ಅವನಿಗೆ ರಾತ್ರಿ ಎನ್ನುವಂತಾಯಿತು. ಹೊರಗೆ ಬರುವ ತಾರೀಖು ಗೊತ್ತಿದ್ದವರ ಪಾಡು ಇದು.

ಬಾವಿಗೆ ನೀರು ಕಡಿಮೆಯಾದಾಗ ರೈತ ಮೊದಲು ಬದುವಿನ ಗಿಡ ಬಿಡುತ್ತಾನೆ, ಆಮೇಲೆ ದೂರದ ಪಟ್ಟಿ, ಆಮೇಲೆ ಇನ್ನೊಂದು ಪಟ್ಟಿ. ಕೊನೆಗೆ ಮನೆಮುಂದಿನ ಒಂದು ತೆಂಗಿಗಷ್ಟೇ ನೀರು. ಮೈಮನಸ್ಸೂ ಹಾಗೇ ಮಾಡುತ್ತವೆ. ಯಾರೂ ಉತ್ತರ ಕೊಡದಿದ್ದರೆ ಮಾತು ಬಿಡುತ್ತದೆ. ನೋಡಲು ಏನೂ ಇಲ್ಲದಿದ್ದರೆ ಕುತೂಹಲ ಬಿಡುತ್ತದೆ. ಕೇಳಿದರೂ ಸಿಗದು ಎಂದಾದ ಮೇಲೆ ಬೇಕು ಅನ್ನುವುದನ್ನೇ ಬಿಡುತ್ತದೆ. "ಕೊಡಲಿಲ್ಲಂದ್ರ ಕೇಳೂದೂ ಇಲ್ಲ" ಎಂದಳಲ್ಲ ಆ ತಾಯಿ, ಅದು ಕೊನೆಯ ತೆಂಗು.

ಇನ್ನೊಂದು ಅಧ್ಯಯನ ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಹತ್ತಿರದ್ದು. ಇಲ್ಲದ ದನಿ ಕೇಳುವ, ಇಲ್ಲದ್ದನ್ನು ನಂಬುವ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ರೋಗ ಇದ್ದು ಆಸ್ಪತ್ರೆಯಲ್ಲೇ ವರ್ಷಗಟ್ಟಲೆ ಉಳಿದಿದ್ದ ಹೆಂಗಸರನ್ನು 1960ರ ದಶಕದಲ್ಲಿ ಇಂಗ್ಲೆಂಡಿನ ಮೂರು ಆಸ್ಪತ್ರೆಗಳಲ್ಲಿ ಜಾನ್ ವಿಂಗ್ ಮತ್ತು ಜಾರ್ಜ್ ಬ್ರೌನ್ ಎಂಬಿಬ್ಬರು ಹಿಂಬಾಲಿಸಿ ನೋಡಿದರು. ಸುತ್ತಲಿನ ಬದುಕು ಬರಡಾದಷ್ಟೂ ರೋಗಿ ಮಂಕಾಗುತ್ತಿದ್ದಳು. ಮಾತು ಕಡಿಮೆ, ಮುಖದಲ್ಲಿ ಭಾವ ಕಡಿಮೆ, ಎದ್ದು ನಡೆಯುವುದು ಕಡಿಮೆ. ಸುಧಾರಿಸಿದವರಲ್ಲಿ ಏನು ಬದಲಾಗಿತ್ತು ಎಂದು ಹುಡುಕಿದಾಗ ಎದ್ದು ಕಂಡದ್ದು, ಏನೂ ಮಾಡದೆ ಕೂಡುವ ಹೊತ್ತು ಕಡಿಮೆಯಾದದ್ದು. ಅಂದರೆ ನಾವು ರೋಗ ಎಂದುಕೊಂಡಿರುವುದರಲ್ಲಿ ಒಂದು ಪಾಲು ರೋಗದ್ದು, ಇನ್ನೊಂದು ಪಾಲು ಖೋಲಿಯದ್ದು. ಖೋಲಿಯ ಪಾಲನ್ನು ಇಳಿಸಲು ಮನಃಶಾಸ್ತ್ರ ಓದಿರಬೇಕಾಗಿಲ್ಲ.

ದೇಹದ ಕಡೆಗೆ ಬರೋಣ. ಮೊಣಕಾಲು ಮಡಚಿ ಕೂತವನಿಗೆ ಕಾಲಾಂತರದಲ್ಲಿ ಮೊಣಕಾಲು ಪೂರ್ತಿ ಬಿಚ್ಚುವುದಿಲ್ಲ. ಸ್ನಾಯು ಗಿಡ್ಡಾಗಿ, ಕೀಲು ಬಿಗಿದು ಹೋಗಿರುತ್ತದೆ. ತೊಡೆಯ ಸ್ನಾಯು ಕರಗುತ್ತದೆ. ಬಿಸಿಲು ಕಾಣದ ಮೈಯಲ್ಲಿ ವಿಟಮಿನ್ ಡಿ ಇಳಿದು ಎಲುಬು ಸೊರಗುತ್ತದೆ. ಹತ್ತು ಅಡಿಯಾಚೆ ನೋಡುವ ಪ್ರಸಂಗವೇ ಇಲ್ಲದ ಕಣ್ಣಿಗೆ ಬಯಲು ಎಂದರೆ ಹೆದರಿಕೆ, ಬಾಗಿಲು ತೆರೆದಾಗ ಬರುವ ಬೆಳಕು ಎಂದರೆ ನೋವು. ಹಲ್ಲು, ಉಗುರು, ಚರ್ಮ, ಮಲಬದ್ಧತೆ ಇವುಗಳ ಬಗ್ಗೆ ಬರೆಯಲು ಹೋಗುವುದಿಲ್ಲ, ನೋಡಿದವರಿಗೆ ಗೊತ್ತು. ಒಂದನ್ನು ಮಾತ್ರ ಬಿಡುವಂತಿಲ್ಲ. ಅಲುಗಾಡದೆ, ಮಾತಾಡದೆ, ಕೈ ಎತ್ತಿಟ್ಟರೆ ಎತ್ತಿಟ್ಟಲ್ಲೇ ಇರುವ ಕೆಟಟೋನಿಯಾ ಎಂಬ ಸ್ಥಿತಿಯೊಂದಿದೆ. ಅದು ತುರ್ತು ಸ್ಥಿತಿ. ಅನ್ನನೀರು ನಿಂತು ಪ್ರಾಣವೂ ಹೋಗಬಹುದು. ಲೊರಾಝೆಪಾಮ್‌ನಂಥ ಸಾಮಾನ್ಯ ಔಷಧಕ್ಕೆ ಎಷ್ಟೋ ಜನ ಕೆಲವೇ ಗಂಟೆ, ದಿನಗಳಲ್ಲಿ ತಿರುಗಿ ಮಾತಾಡುತ್ತಾರೆ. ಕೀಲಿ ಹಾಕಿದ ಖೋಲಿಯಲ್ಲಿ ಇದನ್ನೂ ಆರಾಮ ಎಂದೇ ತಿಳಿಯುತ್ತಾರೆ.

ರಾತ್ರಿ ಚೀರುವುದರ ಬಗ್ಗೆ ಊರಲ್ಲಿ ಬಹಳ ಮಾತುಗಳಿವೆ. ಅಮಾವಾಸ್ಯೆಗೆ ಜೋರಾಗುತ್ತದೆ, ಗಾಳಿ ಸೋಕಿದೆ ಎಂದು. ನಮ್ಮ ಮೈಯೊಳಗಿನ ಗಡಿಯಾರ 24 ಗಂಟೆಗಿಂತ ಸ್ವಲ್ಪ ಉದ್ದದ್ದು, ದಿನಾಲೂ ಬೆಳಗಿನ ಬೆಳಕು ಅದನ್ನು ಹಿಂದಕ್ಕೆಳೆದು ಸರಿಮಾಡುತ್ತದೆ. ಬೆಳಕೇ ಇಲ್ಲದಿದ್ದರೆ ಅದು ದಿನಕ್ಕಿಷ್ಟು ಎಂದು ಜಾರುತ್ತ, ಕೆಲವು ವಾರಗಳಲ್ಲಿ ಹಗಲು ರಾತ್ರಿ ಅದಲು ಬದಲಾಗಬಹುದು. ಜಾರುತ್ತ ಮತ್ತೆ ಸರಿಹೋದಂತೆಯೂ ಕಾಣಬಹುದು. ಮನೆಯವರು ಪಂಚಾಂಗದಲ್ಲಿ ಹುಡುಕುವ ಕಾರಣ ಕಿಟಕಿಗೆ ಕಟ್ಟಿದ ಇಟ್ಟಂಗಿಯಲ್ಲಿದೆ.

ಈಗ ಕಾನೂನಿನ ಮಾತು. ನಮ್ಮ ಪಕ್ಕದ ಬೆಳಗಾವಿಯ ಹಿಂಡಲಗಾ ಜೈಲನ್ನು ತಾವೆಲ್ಲ ಬಲ್ಲಿರಿ. 2006ರಲ್ಲಿ ಗಲ್ಲು ಶಿಕ್ಷೆಯಾದ ಕೈದಿಯೊಬ್ಬನನ್ನು ಅಲ್ಲಿ ವರ್ಷಗಟ್ಟಲೆ ಒಂಟಿ ಕೋಣೆಯಲ್ಲಿ ಇಟ್ಟಿದ್ದರು. ಅತ್ಯಾಚಾರ, ಕೊಲೆ ಮಾಡಿದವನು. ಅವನ ಬಗ್ಗೆ ನನಗೆ ಕನಿಕರವಿಲ್ಲ. ಆದರೂ 2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಬಿ.ಎ. ಉಮೇಶ್ ಪ್ರಕರಣದ ತೀರ್ಪಿನಲ್ಲಿ, ಕಾನೂನಿನ ಆಧಾರವಿಲ್ಲದೆ ಹಾಗೆ ಒಂಟಿಯಾಗಿ ಇಟ್ಟದ್ದು ತಪ್ಪು ಎಂದು ಹೇಳಿ, ಗಲ್ಲನ್ನು ಕನಿಷ್ಠ 30 ವರ್ಷದ ಸೆರೆಗೆ ಇಳಿಸಿತು. ಒಂಟಿತನ ಅವನ ಆರೋಗ್ಯವನ್ನು ಕೆಡಿಸಿತ್ತು ಎಂಬುದಕ್ಕೆ ಕೋರ್ಟ್ ನೆಚ್ಚಿಕೊಂಡದ್ದು ಬೆಳಗಾವಿ ಜೈಲಿನ ವೈದ್ಯರ ಪತ್ರವನ್ನು. ಒಂಟಿಸೆರೆಯ ಶಿಕ್ಷೆಯನ್ನು ನ್ಯಾಯಾಲಯವೇ ವಿಧಿಸಿದರೂ ಒಮ್ಮೆಗೆ 14 ದಿನ ಮೀರುವಂತಿಲ್ಲ, ಒಟ್ಟು ಮೂರು ತಿಂಗಳು ಮೀರುವಂತಿಲ್ಲ. ಹಳೆಯ ದಂಡಸಂಹಿತೆಯಲ್ಲೂ ಹೀಗೇ ಇತ್ತು, 2024ರ ಜುಲೈಯಿಂದ ಬಂದ ನ್ಯಾಯ ಸಂಹಿತೆಯಲ್ಲೂ ಹೀಗೇ ಇದೆ. ವಿಶ್ವಸಂಸ್ಥೆಯ ನಿಯಮದ ಪ್ರಕಾರ 15 ದಿನ ದಾಟಿದರೆ ಅದು ದೀರ್ಘ ಒಂಟಿಸೆರೆ, ಕೂಡದು.

ಐಟಿಐ ಓದಿದ ನಮ್ಮ ಹುಡುಗ ಯಾವ ಕೊಲೆ ಮಾಡಿದ್ದಾನೆ? ಅವನ ಪರವಾಗಿ ಪತ್ರ ಬರೆಯಲು ಯಾವ ಜೈಲಿನ ವೈದ್ಯರಿದ್ದಾರೆ?

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಸರಪಳಿ ಹಾಕುವುದನ್ನು ಯಾವ ರೂಪದಲ್ಲೂ ನಿಷೇಧಿಸುತ್ತದೆ, ರೋಗಿಯನ್ನು ಒಂಟಿಯಾಗಿ ಕೂಡಿಹಾಕುವುದನ್ನೂ ನಿಷೇಧಿಸುತ್ತದೆ. ಅದರ 101ನೇ ಕಲಂ ಪ್ರಕಾರ ಮನೆಯೊಳಗೆ ಮಾನಸಿಕ ರೋಗಿಯನ್ನು ನಿರ್ಲಕ್ಷಿಸಲಾಗಿದೆ, ಹಿಂಸಿಸಲಾಗುತ್ತಿದೆ ಎಂದು ನಂಬಲು ಕಾರಣವಿದ್ದರೆ ಠಾಣಾಧಿಕಾರಿ ಕೂಡಲೇ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. ಕಾಯ್ದೆ ಒಳ್ಳೆಯದೇ. ಆದರೆ ಅದನ್ನು ಹಿಡಿದುಕೊಂಡು ಜೀಪಿನಲ್ಲಿ ಹೋಗಿ ಕೀಲಿ ಒಡೆದರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇನೆ. ಒಂದು ಊರಲ್ಲಿ ಸಾಹೇಬರು ಬಂದರು, ಮೊಬೈಲ್ ಹಿಡಿದ ಹುಡುಗರು ಬಂದರು, ಬಾಗಿಲು ತೆರೆದರು. ಒಳಗಿದ್ದವಳು ಮುಖದ ಮೇಲೆ ಸೀರೆ ಎಳೆದುಕೊಂಡು ಗೋಡೆಗೆ ಅಂಟಿಕೊಂಡಳು. ಅಣ್ಣನನ್ನು ಠಾಣೆಗೆ ಕರೆದೊಯ್ದರು. ವಿಡಿಯೊ ಊರೆಲ್ಲ ಓಡಾಡಿತು. ಮುಂದಿನ ತಿಂಗಳು ಅದೇ ಮನೆಯವರು ಅವಳನ್ನು ಹೊಲದ ತಗಡಿನ ಶೆಡ್ಡಿಗೆ ಸಾಗಿಸಿದರು, ಊರಿಂದ ಇನ್ನೂ ದೂರ. ಖೋಲಿಗೆ ಹೊಂದಿಕೊಂಡ ಜೀವಕ್ಕೆ ಬಯಲು ಒಮ್ಮೆಲೇ ಬಂದರೆ ಅದೂ ಪೆಟ್ಟೇ. ಮೊದಲು ಔಷಧ, ಜೊತೆಗೆ ಬಾಗಿಲಲ್ಲಿ ಕೂತು ಮಾತಾಡುವ ಒಬ್ಬರು, ಆಮೇಲೆ ಕಿಟಕಿ, ಆಮೇಲೆ ಸಂಜೆಯ ತಂಪು ಬೆಳಕಿನಲ್ಲಿ ಹಿತ್ತಲು, ಆಮೇಲೆ ಓಣಿ. ಹೀಗೆ ಮಾಡಿದರೆ ವಾರಗಳು ಹಿಡಿಯುತ್ತವೆ. ಫೋಟೊ ಚೆನ್ನಾಗಿ ಬರುವುದಿಲ್ಲ.

ಮನೆಯವರನ್ನು ರಾಕ್ಷಸರು ಎಂದುಕೊಳ್ಳಬೇಡಿ. ಕೂಲಿಗೆ ಇಬ್ಬರೂ ಹೋದರೆ ಮನೆಯಲ್ಲಿ ಅವನನ್ನು ನೋಡುವವರು ಯಾರು? ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್‌ಗಳು ಸಾಲಾಗಿ ಓಡುವ ರಸ್ತೆಗೆ ಅವನು ಓಡಿ ಬಂದರೆ? ತಂಗಿಯ ಮದುವೆ ಮಾತುಕತೆಗೆ ಬೀಗರು ಬಂದಾಗ ಅಂಗಳಕ್ಕೆ ಬಂದು ನಿಂತರೆ? ಹೆಣ್ಣುಮಕ್ಕಳ ಸಂಗತಿ ಇನ್ನೂ ಕಠಿಣ. ರೋಗಿ ಹೆಣ್ಣುಮಗಳು ರಾತ್ರಿ ಹೊರಗೆ ಹೋದರೆ ಅವಳಿಗೆ ಏನಾಗುತ್ತದೆ ಎಂಬ ಭಯಕ್ಕೆ ಕೀಲಿ ಹಾಕುತ್ತಾರೆ. ಆ ಭಯ ಸುಳ್ಳಲ್ಲ. ಅವಳನ್ನು ಹಾಳು ಮಾಡುವವರು ಹೊರಗೆ ಆರಾಮಾಗಿ ತಿರುಗುತ್ತಾರೆ, ಅವಳು ಒಳಗೆ. ಗಂಡಸು ಚೀರಿದರೆ ಓಣಿಗೆ ಕೇಳುತ್ತದೆ, ತಕರಾರು ಬರುತ್ತದೆ; ಹೆಂಗಸರ ಖೋಲಿಗಳು ಲೆಕ್ಕಕ್ಕೇ ಬರುವುದಿಲ್ಲ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಶಿಬಿರ ನಡೆಯುತ್ತದೆ, ಮನೋವೈದ್ಯರು ಬರುತ್ತಾರೆ, ಮಾತ್ರೆ ಪುಕ್ಕಟೆ. ಅದರಿಂದ ಎಷ್ಟೋ ಜನ ಸುಧಾರಿಸಿದ್ದಾರೆ. ಆದರೆ ಕೀಲಿ ಹಾಕಿದವನು ಮಂಗಳವಾರ ಬಸ್ಸು ಹತ್ತಿ ಬರುವುದಿಲ್ಲ. ಅಂಗವಿಕಲರ ಕಾರ್ಡಿಗೂ ಅದೇ ತೊಡಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಅಸ್ವಸ್ಥತೆಯೂ ಇದೆ. ವೈದ್ಯರ ಮುಂದೆ ಹಾಜರಾದರೆ ತಾನೆ ಪ್ರಮಾಣಪತ್ರ? ಯಾರಿಗೆ ಹೆಚ್ಚು ಬೇಕೋ ಅವರೇ ಹೊರಗುಳಿಯುವಂತೆ ನಮ್ಮ ವ್ಯವಸ್ಥೆ ಇದೆ. ವೈದ್ಯರು ಬಾಗಿಲಿಗೆ ಹೋಗಬೇಕು. ಇದು ಆಗದ ಮಾತೇನಲ್ಲ. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1985ರಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ಶುರುಮಾಡಿದ ಪ್ರಯೋಗ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಆರೋಗ್ಯ ಸಹಾಯಕರಿಗೇ ತರಬೇತಿ ಕೊಟ್ಟು ಊರಲ್ಲೇ ಚಿಕಿತ್ಸೆ ಕೊಡಬಹುದು ಎಂದು ಅಲ್ಲಿ ತೋರಿಸಿದರು. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್‌ಗಳಿವೆ. ದಿನಾ ಮಾತ್ರೆ ನುಂಗಿಸುವ ಜಗಳವಿಲ್ಲ, ಮನೆ ಬಾಗಿಲಲ್ಲೇ ಕೊಡಬಹುದು. ಆ ಇಂಜೆಕ್ಷನ್ ತಾಲ್ಲೂಕಿನಲ್ಲಿ ಖಾಲಿಯಾಗದಂತೆ ನೋಡಿಕೊಂಡರೆ ಅರ್ಧ ಕೀಲಿಗಳು ತಾವಾಗಿ ಬಿಚ್ಚುತ್ತವೆ ಎಂಬುದು ನನ್ನ ನಂಬಿಕೆ.

ಹಾಗಾಗಿ ಜಿಲ್ಲಾಧಿಕಾರಿಗಳಲ್ಲಿ ಕೇಳುವುದು: ಈ ಸಲದ ಪ್ರವಾಹದ ಪಟ್ಟಿಗೆ ಒಂದು ಕಾಲಂ ಸೇರಿಸಿ. ಅದನ್ನು ತುಂಬುವ ಕೆಲಸವನ್ನು ಲಾರ್ವಾ ಸಮೀಕ್ಷೆಗೆ ಹಿತ್ತಲಿಗೆ ಹೋಗುವವರಿಗೇ ಕೊಡಿ. ಆ ಪಟ್ಟಿ ಗ್ರಾಮ ಪಂಚಾಯ್ತಿ ಗೋಡೆಗೆ ಅಂಟಬಾರದು, ಆರೋಗ್ಯಾಧಿಕಾರಿಗಳ ಕೈಯಲ್ಲೇ ಇರಬೇಕು. ಆರೋಗ್ಯಾಧಿಕಾರಿಗಳಲ್ಲಿ ಕೇಳುವುದು: ವಾರಕ್ಕೊಂದು ದಿನ ಮನೋವೈದ್ಯರಿಗೆ ಒಂದು ಗಾಡಿ, ಒಬ್ಬ ಶುಶ್ರೂಷಕಿ, ಆ ಊರಿನ ಆಶಾ. ಮನೆ ಭೇಟಿಯ ನಮೂನೆಯಲ್ಲಿ ಹೇಗಿದ್ದಾನೆ ಎಂಬ ಪ್ರಶ್ನೆ ತೆಗೆದುಹಾಕಿ. ನಿನ್ನೆ ಅವನ ಜೊತೆ ಯಾರು ಮಾತಾಡಿದರು, ಎಷ್ಟು ಹೆಜ್ಜೆ ನಡೆದ, ಬಿಸಿಲಿಗೆ ಯಾವಾಗ ಬಂದ, ತಾನಾಗಿ ಏನನ್ನಾದರೂ ಕೇಳಿದನೇ ಎಂದು ಬರೆಸಿ. ಕಠಿಣ ಕೇಸುಗಳಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದೂರವೇನಲ್ಲ, ಆದರೆ ಕರೆದೊಯ್ಯುವ ಗಾಡಿ ಖರ್ಚನ್ನು ಕೂಲಿಯವನ ತಲೆಗೆ ಹಾಕಬೇಡಿ. ಪೊಲೀಸ್ ವರಿಷ್ಠಾಧಿಕಾರಿಗಳಲ್ಲಿ: 101ನೇ ಕಲಮನ್ನು ಬಳಸಿ, ದಯವಿಟ್ಟು ಬಳಸಿ, ಆದರೆ ವೈದ್ಯರನ್ನು ಮುಂದೆ ಬಿಟ್ಟು, ಮಫ್ತಿಯಲ್ಲಿ, ಮೊಬೈಲ್ ಇಲ್ಲದೆ. ಬೇಕೆಂದೇ ಹಿಂಸಿಸುವವರು, ಆಸ್ತಿಗಾಗಿ ಹುಚ್ಚನೆಂದು ಕೂಡಿಹಾಕಿದವರು ಇಲ್ಲವೆಂದಲ್ಲ. ಅವರಿಗೆ ಕೇಸು ಬೀಳಲಿ. ದಿಕ್ಕು ತೋಚದೆ ಕೀಲಿ ಹಾಕಿದ ತಾಯಿಗೂ ಅವರಿಗೂ ಇರುವ ವ್ಯತ್ಯಾಸ ಹತ್ತು ನಿಮಿಷ ಕೂತು ಮಾತಾಡಿದರೆ ತಿಳಿಯುತ್ತದೆ.

ಇನ್ನು ಮನೆಯವರಿಗೆ. ಅವ್ವಾ, ಅಪ್ಪಾ, ಅಣ್ಣಾ, ಇದನ್ನು ನಿಮಗೆ ಯಾರಾದರೂ ಓದಿ ಹೇಳಲಿ ಎಂದು ಬರೆಯುತ್ತಿದ್ದೇನೆ. ಸರ್ಕಾರ ಬರುವವರೆಗೆ ಕಾಯಬೇಡಿ. ಕಿಟಕಿಯ ಇಟ್ಟಂಗಿ ತೆಗೆದು ಸಳಿ ಹಾಕಿಸಿ, ಬೆಳಗಿನ ಬಿಸಿಲು ಒಳಗೆ ಬೀಳಲಿ. ತಾಟು ಕೆಳಗಿನಿಂದ ನೂಕಬೇಡಿ, ಹತ್ತಿರ ಹೋಗಲು ಭಯವಿಲ್ಲದ ದಿನಗಳಲ್ಲಾದರೂ ಕೈಗೆ ಕೊಡಿ, ಹೆಸರು ಹಿಡಿದು ಕರೆಯಿರಿ. ದಿನಾ ಒಂದೇ ಹೊತ್ತಿಗೆ ಬಾಗಿಲ ಹತ್ತಿರ ಕೂತು ಇವತ್ತು ಯಾವ ವಾರ, ಯಾವ ಹಬ್ಬ, ಎಮ್ಮೆ ಈಯಿತೋ ಇಲ್ಲವೋ ಹೇಳಿ. ಉತ್ತರ ಬರದಿದ್ದರೂ ಹೇಳಿ. ಶೇಂಗಾ ಸುಲಿಯಲು ಕೊಡಿ, ಜೋಳ ಹಸನು ಮಾಡಲು ಕೊಡಿ; ಸುಲಿದದ್ದು ಚೆಲ್ಲಿದರೂ ಮರುದಿನ ಮತ್ತೆ ಕೊಡಿ. ಮಾತ್ರೆ ಶುರುವಾಗಿದ್ದರೆ ಸುಮ್ಮನಾದ ಎಂದು ನಿಲ್ಲಿಸಬೇಡಿ. ಊಟ, ನೀರು, ಮಾತು ಮೂರೂ ನಿಂತರೆ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೀಳುವುದಿಲ್ಲ. ಮತ್ತು ಆ ಕೀಲಿಯ ಇನ್ನೊಂದು ಕೈಯನ್ನು ನಂಬಿಕಸ್ತ ನೆರೆಮನೆಯವರ ಬಳಿ ಕೊಟ್ಟಿಡಿ. ಹೊಳೆ ಹೇಳಿ ಬರುವುದಿಲ್ಲ.

ಮಾನ್ಯರೇ, ಈ ಪತ್ರದಲ್ಲಿ ಒಂದೂ ಊರಿನ ಹೆಸರು, ಮನೆಯ ಹೆಸರು ಬರೆದಿಲ್ಲ. ನನ್ನ ಹಳೆಯ ಡೈರಿಗಳಲ್ಲಿ ಇವೆ. ಮನೋವೈದ್ಯರು ಒಂದು ದಿನ ಗೊತ್ತುಮಾಡಿದರೆ ಗಾಡಿಯಲ್ಲಿ ಮುಂದೆ ಕೂತು ಮನೆ ತೋರಿಸಲು ನಾನು ಬರುತ್ತೇನೆ. ಕ್ಯಾಮೆರಾದವರು ಜೊತೆಗಿದ್ದರೆ ಬರುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಜಮಖಂಡಿ ತಾಲ್ಲೂಕಿನ ಒಬ್ಬ ನಿವೃತ್ತ ಆರೋಗ್ಯ ನಿರೀಕ್ಷಕ